ಬೆಳೆದು ಬಂದ ಮಗು

(ಶ್ರೀಮಠದ ಮಹೋತ್ಸವದ ಭಕ್ತಸಭೆಯಲ್ಲಿ ಮಾಡಿದ ಉಪನ್ಯಾಸ)

 

ಮಹೋತ್ಸವದ ಸಮಯದಲ್ಲಿ ಮಠದ ಪೂರ್ವಚರಿತ್ರೆಯನ್ನಾಗಲಿ ಗುರುಪರಂಪರೆಯ ಮಹಿಮೆಯನ್ನಾಗಲಿ ಕುರಿತು ಮಾತನಾಡುವುದು ವಾಡಿಕೆಯಷ್ಟೆ. ಆ ವಿಷಯಗಳನ್ನು ನನಗಿಂತ ಚೆನ್ನಾಗಿ ಬಲ್ಲವರು ಈಗಾಗಲೇ ವಿವರಿಸಿರುವರು. ಶ್ರೀಗಳವರ ಅಪ್ಪಣೆಯಂತೆ ನಾನು ಗೃಹಸ್ಥಧರ್ಮಕ್ಕೆ ಸೇರಿದ ಒಂದು ವಿಷಯವನ್ನು ಈ ಮಹಾಸಭೆಯಲ್ಲಿ ವಿಜ್ಞಾಪಿಸಿಕೊಳ್ಳುತ್ತೇನೆ. ಅದು ಯಾವುದೆಂದರೆ: ತಂದೆತಾಯಿಗಳ ಆಶ್ರಯ ತಪ್ಪಿ, ಬಾಲಮಂದಿರದಲ್ಲಿಯೋ ಪರರ ಪೋಷಣೆಯಲ್ಲಿಯೋ ಆರು, ಎಂಟು, ಹನ್ನೆರಡು ವರ್ಷದವರೆಗೆ ಬೆಳೆದಿರುವ ಬಾಲಕನನ್ನಾಗಲಿ ಬಾಲಕಿಯನ್ನಾಗಲಿ ಸ್ವಂತ ಮಗುವಾಗಿ ಸ್ವೀಕರಿಸುವುದು ನಮ್ಮ ಧರ್ಮಕ್ಕೆ ಸಮ್ಮತವೋ ಅಲ್ಲವೋ, ಸಮ್ಮತವಾದರೆ ಅದನ್ನು ಹೇಗೆ ನಡೆಸತಕ್ಕದ್ದು ಎಂಬುದು.

ಈ ಪ್ರಶ್ನೆಯು ಸುಮ್ಮನೆ ಹುಟ್ಟಿದುದಲ್ಲ. ಮಕ್ಕಳಿಲ್ಲದ ದಂಪತಿಗಳು ಶ್ರೀಮಠಕ್ಕೆ ಬಂದು ಶ್ರೀಗಳವರ ಪಾದಕ್ಕೆರಗಿ ತಮ್ಮ ಸಂಕಟವನ್ನು ತೋಡಿಕೊಳ್ಳುವುದು ಇಲ್ಲಿ ನಿತ್ಯದ ಸಂಗತಿ. ನಮ್ಮ ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿಯೇ ಇರುವ ಘಾಟಿ ಸುಬ್ರಹ್ಮಣ್ಯ ಕ್ಷೇತ್ರದಲ್ಲಿ ಸಂತಾನಾರ್ಥಿಗಳು ಪ್ರತಿಷ್ಠೆ ಮಾಡಿಸಿದ ನಾಗರಕಲ್ಲುಗಳನ್ನು ನೋಡಿದವರಿಗೆ ಈ ಸಂಕಟದ ಆಳವು ತಿಳಿಯದೆ ಇರದು. ಹರಕೆಯೂ ಔಷಧವೂ ಮುಗಿದ ಮೇಲೆ ಅನೇಕರು ದತ್ತುವಿನ ಮಾತನ್ನೆತ್ತುವರು. ಆದರೆ ಎಲ್ಲರ ಅಪೇಕ್ಷೆಯೂ ಒಂದೇ: ಇನ್ನೂ ಕಣ್ಣು ಬಿಡುತ್ತಿರುವ ಹಸುಗೂಸು ಬೇಕು, ಬೆಳೆದ ಮಗು ಬೇಡ. ಬೆಳೆದ ಮಗುವು ನಮ್ಮದಾಗುವುದಿಲ್ಲ, ಅಂಟುವುದಿಲ್ಲ, ಎಂದು ಅವರ ದೃಢವಾದ ನಂಬಿಕೆ.

ಇದರ ಫಲವೇನಾಗಿದೆಯೆಂದು ವಿಚಾರಿಸೋಣ. ಇಡೀ ಭರತಖಂಡದಲ್ಲಿ ದತ್ತು ಬಯಸಿ ಹೆಸರು ಬರೆಯಿಸಿಕೊಂಡು ಕಾಯುತ್ತಿರುವವರ ಸಂಖ್ಯೆಯು ಈಚಿನ ವರ್ಷಗಳಲ್ಲಿ 30 ಸಾವಿರವನ್ನು ಮೀರಿದೆ. ಹಸುಗೂಸನ್ನು ಬಯಸಿದವರು ಮೂರು ವರ್ಷ, ಅದಕ್ಕೂ ಹೆಚ್ಚು ಕಾಲ ಕಾಯಬೇಕಾಗಿದೆ. 2024-25ನೆಯ ಸಾಲಿನಲ್ಲಿ ಕೇಂದ್ರೀಯ ದತ್ತು ಪ್ರಾಧಿಕಾರದ ಮೂಲಕ ಮನೆ ಸೇರಿದ ಮಕ್ಕಳು 4,515 ಮಾತ್ರ. ಹನ್ನೆರಡು ವರ್ಷಗಳಲ್ಲಿ ಅದೇ ಅತ್ಯಧಿಕವಾದ ಸಂಖ್ಯೆಯಂತೆ. ಒಂದು ಕಡೆ ತೊಟ್ಟಿಲನ್ನು ಕಟ್ಟಿ ಕಾಯುವವರು. ಮತ್ತೊಂದು ಕಡೆ, ತೊಟ್ಟಿಲ ವಯಸ್ಸನ್ನು ಮೀರಿದ ಒಂದೇ ತಪ್ಪಿಗಾಗಿ ಬಾಗಿಲ ಕಡೆಗೆ ನೋಡುತ್ತ ಕುಳಿತ ಮಕ್ಕಳು. ನಮ್ಮ ಜಿಲ್ಲೆಯಲ್ಲಿಯೂ ವಿಮಾನನಿಲ್ದಾಣ, ಕಾರ್ಖಾನೆ, ಇಟ್ಟಿಗೆಗೂಡು, ಕಟ್ಟಡದ ಕೆಲಸಗಳಿಗಾಗಿ ದೂರದೇಶಗಳಿಂದ ಸಂಸಾರಗಳು ಬಂದು ನೆಲೆಸುತ್ತಿರುವುವು. ಊರಿನ ಬಂಧುಬಳಗವಿಲ್ಲದ ಅಂತಹ ಸಂಸಾರದಲ್ಲಿ ತಾಯಿ ಸತ್ತು ತಂದೆ ಕಾಣೆಯಾದರೆ, ಉಳಿದ ಮಗುವಿಗೆ ಅಜ್ಜಿಯ ಮನೆಯೂ ಇಲ್ಲ, ಸೋದರಮಾವನ ಮನೆಯೂ ಇಲ್ಲ.

ಇನ್ನು ನಮ್ಮವರು ಬೆಳೆದ ಮಗುವನ್ನು ಬೇಡವೆನ್ನುವುದಕ್ಕೆ ಕೊಡುವ ಕಾರಣಗಳನ್ನು ಪೂರ್ವಪಕ್ಷವಾಗಿಟ್ಟುಕೊಂಡು ಒಂದೊಂದಾಗಿ ಪರಿಶೀಲಿಸೋಣ. ಶಾಸ್ತ್ರವು ಒಪ್ಪುವುದಿಲ್ಲವೆಂಬುದು ಒಂದು. ಕುಲವು ತಿಳಿಯದೆಂಬುದು ಎರಡು. ಹಿಂದಿನ ನೆನಪುಳ್ಳ ಮಗುವು ಅಂಟುವುದಿಲ್ಲವೆಂಬುದು ಮೂರು. ಆಸ್ತಿಪಾಸ್ತಿಗಳ ತೊಡಕು ಬರುವುದೆಂಬುದು ನಾಲ್ಕು.

ಮೊದಲು ಶಾಸ್ತ್ರದ ಮಾತು. ಮನುಸ್ಮೃತಿಯು ಹನ್ನೆರಡು ವಿಧದ ಪುತ್ರರನ್ನು ಎಣಿಸುತ್ತದೆ. ಹೊಟ್ಟೆಯಲ್ಲಿ ಹುಟ್ಟಿದವನು ಔರಸನು. ತಂದೆತಾಯಿಗಳು ಕೊಟ್ಟವನು ದತ್ತನು. ತಂದೆತಾಯಿಗಳು ತ್ಯಜಿಸಲಾಗಿ ಮತ್ತೊಬ್ಬರು ಸ್ವೀಕರಿಸಿದವನು ಅಪವಿದ್ಧನು. ತಂದೆತಾಯಿಗಳಿಲ್ಲದೆ, ಅಥವಾ ನಿಷ್ಕಾರಣವಾಗಿ ಅವರಿಂದ ಬಿಡಲ್ಪಟ್ಟು, ತಾನಾಗಿಯೇ ಬಂದು ತನ್ನನ್ನು ಒಪ್ಪಿಸಿಕೊಂಡವನು ಸ್ವಯಂದತ್ತನು. ಈ ಕಡೆಯ ಹೆಸರನ್ನು ಗಮನಿಸಬೇಕು. ತನ್ನನ್ನು ತಾನು ಒಪ್ಪಿಸಿಕೊಳ್ಳಬೇಕಾದರೆ ಮಗುವಿಗೆ ಬಾಯಿ ಬಂದಿರಬೇಕು, ಬುದ್ಧಿ ಬಲಿತಿರಬೇಕು. ಆದಕಾರಣ ಬೆಳೆದು ಬಂದ ಮಗುವನ್ನು ಪುತ್ರನೆಂದೆಣಿಸುವುದು ಹೊಸ ಕಾಲದ ಕಲ್ಪನೆಯಲ್ಲ.

ಕಾಲಾನಂತರದಲ್ಲಿ ನಿಬಂಧಕಾರರು, ಕಲಿಯುಗದಲ್ಲಿ ಔರಸ ದತ್ತಕರಿಬ್ಬರಿಗೇ ಪುತ್ರತ್ವವೆಂದು ನಿಯಮಿಸಿದರು. ದತ್ತಕಮೀಮಾಂಸೆಯನ್ನು ಬರೆದ ನಂದಪಂಡಿತನು ಕಾಲಿಕಾಪುರಾಣದ್ದೆಂದು ಹೇಳಲಾಗುವ ಒಂದು ವಚನವನ್ನು ಆಧಾರವಾಗಿ ಹಿಡಿದು, ಐದು ವರ್ಷ ಮೀರಿದ, ಹುಟ್ಟಿದ ಮನೆಯಲ್ಲಿಯೇ ಚೌಲಾದಿ ಸಂಸ್ಕಾರಗಳನ್ನು ಪಡೆದ ಬಾಲಕನು ದತ್ತಕ್ಕೆ ಯೋಗ್ಯನಲ್ಲವೆಂದನು. ಜನರ ಮನಸ್ಸಿನಲ್ಲಿ ಇಂದಿಗೂ ಉಳಿದಿರುವ ಶಂಕೆಗೆ ಬಹುಮಟ್ಟಿಗೆ ಇದೇ ಬೇರು. ಆದರೆ ವ್ಯವಹಾರಮಯೂಖದ ಕರ್ತೃವಾದ ನೀಲಕಂಠನು, ಆ ವಚನವು ಪುರಾಣದ ಎರಡು ಮೂರು ಪ್ರತಿಗಳಲ್ಲಿ ಕಾಣದ ಕಾರಣ ವಿಶ್ವಾಸಾರ್ಹವಲ್ಲವೆಂದೂ, ಮದುವೆಯಾದವನು ಸಹ ದತ್ತನಾಗಬಹುದೆಂದೂ ಹೇಳಿರುವನು. ಶಾಸ್ತ್ರಜ್ಞರಲ್ಲಿಯೇ ಒಮ್ಮತವಿಲ್ಲದ ಮಾತನ್ನು ನಾವು ಶಾಸ್ತ್ರವೆಂದು ಹೇಳಿ ಮಗುವಿನ ಮುಂದೆ ಬಾಗಿಲಿಕ್ಕುವುದು ಹೇಗೆ?

ಅದು ಹಾಗಿರಲಿ. ಆ ನಿಷೇಧವನ್ನು ಪ್ರಮಾಣವೆಂದೇ ಒಪ್ಪಿದರೂ ಅದು ನಮಗೆ ಹತ್ತುವುದಿಲ್ಲ. ಏಕೆಂದರೆ ಅದರ ಹೇತುವು ಸಂಸ್ಕಾರ. ಚೌಲ ಉಪನಯನಗಳು ಹುಟ್ಟಿದ ತಂದೆಯ ಗೋತ್ರದಲ್ಲಿ ನಡೆದುಹೋದ ಮೇಲೆ ಮತ್ತೊಂದು ಗೋತ್ರಕ್ಕೆ ಆ ಬಾಲಕನು ಪೂರ್ತಿಯಾಗಿ ಸೇರಲಾರನೆಂಬುದು ಅವರ ಯುಕ್ತಿ. ನಮ್ಮಲ್ಲಿ ಮುಖ್ಯವಾದ ಸಂಸ್ಕಾರವು ದೀಕ್ಷೆ. ಹುಟ್ಟಿದ ಮಗುವಿಗೆ ಲಿಂಗವನ್ನು ಕಟ್ಟುವ ರೂಢಿಯಿದ್ದರೂ, ದೀಕ್ಷೆಯು ತಿಳಿವಳಿಕೆ ಬಂದ ಮೇಲೆಯೇ ಆಗತಕ್ಕದ್ದು. ಆಗ ಗುರುವು ಶಿಷ್ಯನ ಮಸ್ತಕದ ಮೇಲೆ ತನ್ನ ಹಸ್ತವನ್ನಿಟ್ಟು, ಕಿವಿಯಲ್ಲಿ ಮಂತ್ರವನ್ನುಪದೇಶಿಸಿ, ಕರಸ್ಥಲದಲ್ಲಿ ಲಿಂಗವನ್ನು ಬಿಜಯಂಗೈಸುವನು. ಅಂದಿನಿಂದ ಅವನು ಗುರುಕರಸಂಜಾತನು, ಎಂದರೆ ಗುರುವಿನ ಕೈಯಲ್ಲಿ ಹುಟ್ಟಿದವನು. ಗರ್ಭದಲ್ಲಿ ಆದ ಹುಟ್ಟಿಗಿಂತ ಕೈಯಲ್ಲಿ ಆದ ಹುಟ್ಟನ್ನೇ ನಮ್ಮ ಆಚಾರ್ಯರೂ ಶರಣರೂ ಮೇಲೆಂದು ಸಾರಿರುವರು. ಎಂಟೋ ಹತ್ತೋ ವರ್ಷದವನು ಗುರುವಿನ ಕೈಯಲ್ಲಿ ಹುಟ್ಟಬಹುದಾದರೆ, ಅದೇ ವಯಸ್ಸಿನವನು ಒಬ್ಬ ತಾಯಿಯ ಕೈಯಲ್ಲಿ ಏಕೆ ಹುಟ್ಟಬಾರದು? ಈ ಮಾತೇ ನನ್ನ ವಿಜ್ಞಾಪನೆಯ ತಿರುಳು.

ಬಂದವನನ್ನು ಯಾರ ಕಡೆಯವನೆಂದು ಕೇಳಿಸದೆ ನಿನ್ನ ಮನೆಯ ಮಗನೆಂದು ಕರೆಯಿಸಬೇಕೆಂದು ಬಸವಣ್ಣನವರು ಸಂಗಮನಾಥನಲ್ಲಿ ಮೊರೆಯಿಟ್ಟ ವಚನವು ನಮ್ಮ ಮನೆಗಳ ಮಕ್ಕಳಿಗೂ ಕಂಠಸ್ಥವಾಗಿದೆ. ಹಾಗೆ ಮೊರೆಯಿಟ್ಟವರು ತೊಟ್ಟಿಲ ಕೂಸಲ್ಲ, ಬೆಳೆದವರು. ಹರಿಹರಕವಿಯು ರಗಳೆಯಲ್ಲಿ ಹೇಳಿರುವಂತೆ, ಬಸವಣ್ಣನವರು ಎಳೆತನದಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು ಮುತ್ತಬ್ಬೆಯ ಆರೈಕೆಯಲ್ಲಿ ಬೆಳೆದರು. ಪ್ರಾಯಕ್ಕೆ ಬಂದ ಮೇಲೆ ಜನಿವಾರವನ್ನು ತೊರೆದು ಕಪ್ಪಡಿಸಂಗಮಕ್ಕೆ ಬಂದರು. ಮುಂದಿನ ಪುರಾಣಗಳು ಈ ಕಥೆಯನ್ನು ಬೇರೆ ರೀತಿಯಾಗಿ ಹೇಳುವುದುಂಟು. ಆದರೆ ಮನೆಯನ್ನು ಬಿಟ್ಟು ಬಂದ ತರುಣನಿಗೆ ಸಂಗಮದಲ್ಲಿ ಆಶ್ರಯ ದೊರೆಯಿತೆಂಬುದರಲ್ಲಿ ಭೇದವಿಲ್ಲ.

ಎರಡನೆಯದು ಕುಲದ ಪ್ರಶ್ನೆ. ಇದಕ್ಕೆ ದೀರ್ಘವಾದ ಸಮಾಧಾನವು ಬೇಕಿಲ್ಲ. ದೀಕ್ಷೆಯಾದವನ ಪೂರ್ವಕುಲವನ್ನು ವಿಚಾರಿಸುವುದು ಅಪಚಾರವೆಂದು ನಾವು ಪುರಾಣಪ್ರವಚನದಲ್ಲಿ ಕೇಳಿ ತಲೆದೂಗುವೆವು. ಮನೆಗೆ ಮಗುವನ್ನು ತರುವ ಹೊತ್ತಿಗೆ ಮಾತ್ರ ಅದೇ ಪ್ರಶ್ನೆಯನ್ನು ಮೊದಲು ಕೇಳುವೆವು. ಕೇಳಿದ ಧರ್ಮವು ಅಂಗಳದವರೆಗೆ ಬಂದು ಹೊಸಲನ್ನು ದಾಟದಿದ್ದರೆ ಅದರಿಂದ ಫಲವೇನು? ಆದರೆ ಇಲ್ಲಿಯೇ ಮತ್ತೊಂದು ಎಚ್ಚರಿಕೆಯ ಮಾತೂ ಉಂಟು. ಹತ್ತು ವರ್ಷದ ಮಗುವು ತನ್ನ ತಾಯಿಯು ಕೈಮುಗಿಸಿದ ಯಾವುದೋ ದೇವರನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದಿರಬಹುದು. ಬಂದ ವಾರದಲ್ಲಿಯೇ ಅದನ್ನು ಕಿತ್ತು ಲಿಂಗವನ್ನು ಕಟ್ಟಲು ಆತುರಪಡಬಾರದು. ದೀಕ್ಷೆಯು ಬೇಡಿ ಪಡೆಯತಕ್ಕದ್ದು. ಮನೆಯಲ್ಲಿ ಬೆಳಗುಸಂಜೆ ನಡೆಯುವ ಲಿಂಗಪೂಜೆಯನ್ನು ನೋಡಿ ಆ ಮಗುವೇ ಕೇಳುವ ಕಾಲವು ಬಂದರೆ, ಅದೇ ಮುಹೂರ್ತ.

ಇನ್ನು ಮೂರನೆಯದು ಎಲ್ಲಕ್ಕಿಂತ ತೂಕವುಳ್ಳ ಆಕ್ಷೇಪ. ಹಳೆಯ ನೆನಪುಳ್ಳ ಮಗುವು ನಮಗೆ ಅಂಟುವುದೇ?

ಐತರೇಯಬ್ರಾಹ್ಮಣದ ಏಳನೆಯ ಪಂಚಿಕೆಯಲ್ಲಿ ಶುನಃಶೇಫನ ಉಪಾಖ್ಯಾನವಿದೆ. ರಾಜನಾದ ಹರಿಶ್ಚಂದ್ರನು ತನ್ನ ಮಗನಾದ ರೋಹಿತನನ್ನು ವರುಣನಿಗೆ ಬಲಿಕೊಡುವೆನೆಂದು ನುಡಿದಿದ್ದನು. ರೋಹಿತನು ತನಗೆ ಬದಲಾಗಿ ಕೊಡುವುದಕ್ಕೆ ಅಜೀಗರ್ತನೆಂಬ ಬಡಬ್ರಾಹ್ಮಣನ ಮಗನೊಬ್ಬನನ್ನು ನೂರು ಹಸುಗಳಿಗೆ ಕೊಂಡನು. ಹಿರಿಯ ಮಗನನ್ನು ತಂದೆಯು ಬಿಡಲಿಲ್ಲ. ಕಿರಿಯನನ್ನು ತಾಯಿಯು ಬಿಡಲಿಲ್ಲ. ನಡುವಿನವನಾದ ಶುನಃಶೇಫನನ್ನು ಮಾರಿದರು. ಕಂಬಕ್ಕೆ ಕಟ್ಟುವವರು ಯಾರೂ ಮುಂದೆ ಬಾರದಿರಲು, ತಂದೆಯೇ ಮತ್ತೆ ನೂರು ಹಸುಗಳನ್ನು ಪಡೆದು ಕಟ್ಟಿದನು. ಮತ್ತೆ ನೂರನ್ನು ಪಡೆದು ಕೊಲ್ಲುವುದಕ್ಕೂ ಸಿದ್ಧನಾದನು. ಬಾಲಕನು ದೇವತೆಗಳನ್ನು ಸ್ತುತಿಸಿ ಬಂಧಮುಕ್ತನಾಗಿ, ನೆಟ್ಟಗೆ ಹೋಗಿ ವಿಶ್ವಾಮಿತ್ರನ ತೊಡೆಯ ಮೇಲೆ ಕುಳಿತನು. ತಂದೆಯು ಬಂದು ಮಗನನ್ನು ಹಿಂದಿರುಗಿಸೆಂದರೆ ವಿಶ್ವಾಮಿತ್ರನು ಒಪ್ಪಲಿಲ್ಲ. ದೇವತೆಗಳು ಕೊಟ್ಟವನೆಂದು ಅವನಿಗೆ ದೇವರಾತನೆಂಬ ಹೆಸರಾಯಿತು. ರಾಘವಾಂಕನ ಕಾವ್ಯದಲ್ಲಿ ಕಠಿನಹೃದಯನಾಗಿ ಕಾಣುವ ಅದೇ ವಿಶ್ವಾಮಿತ್ರನು ಇಲ್ಲಿ ತಂದೆಯಾಗಿ ನಿಂತಿರುವುದನ್ನು ನೋಡಿರಿ.

ಈ ಕಥೆಯಲ್ಲಿ ಮೂರು ಸೂಕ್ಷ್ಮಗಳಿವೆ. ಮೊದಲನೆಯದು, ಆ ಬಾಲಕನು ಏನನ್ನೂ ಮರೆಯಲಿಲ್ಲ. ಕರೆಯಲು ಬಂದ ತಂದೆಗೆ, ನಿನ್ನ ಕೈಯಲ್ಲಿ ಕತ್ತಿಯನ್ನು ಕಂಡೆನೆಂಬ ಅರ್ಥದ ಉತ್ತರವನ್ನು ಕೊಟ್ಟನು. ಎರಡನೆಯದು, ಅವನು ಕುರುಡಾಗಿ ಒಪ್ಪಿಕೊಳ್ಳಲಿಲ್ಲ. ನಿನ್ನ ಮನೆಯಲ್ಲಿ ನನ್ನ ಸ್ಥಾನವೇನು, ದಾಯವೇನು ಎಂದು ವಿಶ್ವಾಮಿತ್ರನನ್ನು ಕೇಳಿದನು. ವಿಶ್ವಾಮಿತ್ರನು ಕೋಪಿಸಿಕೊಳ್ಳದೆ ಹಿರಿಯ ಮಗನ ಸ್ಥಾನವನ್ನೇ ಕೊಟ್ಟನು. ಮೂರನೆಯದು, ಮನೆಯಲ್ಲಿ ಮೊದಲೇ ಇದ್ದ ನೂರೊಂದು ಮಂದಿ ಮಕ್ಕಳಲ್ಲಿ ಹಿರಿಯರಾದ ಐವತ್ತು ಮಂದಿ ಮುನಿದರು. ಮಧುಚ್ಛಂದನೂ ಅವನ ಕಿರಿಯರೂ ಒಪ್ಪಿದರು. ಬೆಳೆದ ಮಗುವನ್ನು ತರುವ ಮನೆಯಲ್ಲಿ ಇಂದಿಗೂ ಈ ಮೂರು ಸಂಗತಿಗಳೇ ನಡೆಯುವುವು. ಮಗುವಿಗೆ ನೆನಪಿರುವುದು, ಮಗುವು ಪರೀಕ್ಷಿಸುವುದು, ಮನೆಯವರಲ್ಲಿ ಕೆಲವರು ಮುನಿಯುವರು. ಇವು ನಡೆದುವೆಂದು ದತ್ತು ಕೆಟ್ಟಿತೆಂದು ತಿಳಿಯಬಾರದು.

ನಮ್ಮ ಸಮಾಜದ ಈಚಿನ ಚರಿತ್ರೆಯಲ್ಲಿಯೂ ನಿದರ್ಶನಗಳಿಲ್ಲದೆ ಇಲ್ಲ. ಹಾನಗಲ್ಲ ಶ್ರೀ ಕುಮಾರಸ್ವಾಮಿಗಳವರು (1867-1930) 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿ ನೂರಾರು ವಟುಗಳನ್ನು ಬೆಳೆಸಿದರೆಂಬುದು ಸರ್ವವಿದಿತ. ಅವರು ಕಾಡಶೆಟ್ಟಿಹಳ್ಳಿಯ ಗದಿಗೆಯ್ಯನೆಂಬ ಹುಟ್ಟುಕುರುಡ ಬಾಲಕನನ್ನೂ, ಅವನಂತೆಯೇ ಕುರುಡನಾಗಿದ್ದ ಅವನ ಅಣ್ಣನನ್ನೂ, ಅವರ ಹಾಡನ್ನು ಕೇಳಿ ತಮ್ಮ ಆಶ್ರಯಕ್ಕೆ ತೆಗೆದುಕೊಂಡರು. ಒಬ್ಬನನ್ನು ಆರಿಸಿ ಮತ್ತೊಬ್ಬನನ್ನು ಬಿಡಲಿಲ್ಲ. ಆ ಗದಿಗೆಯ್ಯನೇ ಮುಂದೆ ಗಾನಯೋಗಿ ಪಂಚಾಕ್ಷರಿ ಗವಾಯಿಗಳವರಾದರು (1892-1944). ಅವರು ತಮ್ಮ ಸರದಿಯಲ್ಲಿ, ಎಳೆತನದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡು ಸೋದರಮಾವನ ಆಶ್ರಯದಲ್ಲಿದ್ದ ದೇವಗಿರಿಯ ಒಬ್ಬ ಬಾಲಕನನ್ನು ಸ್ವೀಕರಿಸಿದರು. ಅವರೇ ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಬೆಳಗಿದ ಪುಟ್ಟರಾಜ ಗವಾಯಿಗಳವರು (1914-2010). ಒಂದು ಕೈ ಮತ್ತೊಂದು ಕೈಯನ್ನು ಹಿಡಿಯಿತು. ಇಲ್ಲಿ ರಕ್ತಸಂಬಂಧವೆಲ್ಲಿ? ಇವರು ಪರಸ್ಪರ ಅಂಟಲಿಲ್ಲವೆಂದು ಯಾರಾದರೂ ಹೇಳಬಲ್ಲರೆ?

ನಮ್ಮ ನೆಲಮಂಗಲಕ್ಕೆ ನೆರೆಯಾದ ಸಿದ್ಧಗಂಗಾಕ್ಷೇತ್ರವನ್ನು ನೆನೆಯದೆ ಈ ಮಾತನ್ನು ಮುಗಿಸಲಾಗದು. 1907ರಲ್ಲಿ ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ಹುಟ್ಟಿದ ಶ್ರೀ ಶಿವಕುಮಾರ ಸ್ವಾಮಿಗಳವರು ಬಾಲ್ಯದಲ್ಲಿಯೇ ತಾಯಿಯನ್ನು ಕಳೆದುಕೊಂಡು, ನಾಗವಲ್ಲಿಯಲ್ಲಿ ಅಕ್ಕನವರ ಮನೆಯಲ್ಲಿದ್ದು ಓದಿದವರು. 2019ರಲ್ಲಿ ಲಿಂಗೈಕ್ಯರಾಗುವವರೆಗೆ ಅವರು ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳ ದಾಸೋಹವನ್ನು ನಡೆಸಿದರು.

ಆದರೆ, ಭಕ್ತರೇ, ಇಲ್ಲಿ ಒಂದು ಭೇದವನ್ನು ಸ್ಪಷ್ಟವಾಗಿ ತಿಳಿಯಬೇಕು. ಮಠದ ದಾಸೋಹವನ್ನು ಕಂಡು, ಅನಾಥ ಮಕ್ಕಳಿಗೆ ಮಠವಿದೆಯಲ್ಲಾ ನಾವೇಕೆ ಎಂದು ಗೃಹಸ್ಥನು ಕೈಕಟ್ಟಿ ಕೂರಬಾರದು. ಮಠವು ಪಂಕ್ತಿಯಲ್ಲಿ ಕೂರಿಸಿ ಅನ್ನವನ್ನಿಕ್ಕಬಲ್ಲದು, ಪಾಠವನ್ನು ಹೇಳಬಲ್ಲದು. ಜ್ವರ ಬಂದ ರಾತ್ರಿಯಲ್ಲಿ ಒಂದೇ ಮಗುವಿನ ಹಣೆಯ ಮೇಲೆ ಕೈಯಿಟ್ಟು ಬೆಳಗಿನವರೆಗೆ ಕುಳಿತಿರುವ ಒಬ್ಬ ತಾಯಿಯನ್ನು ಪ್ರತಿಯೊಂದು ಮಗುವಿಗೂ ಯಾವ ಮಠವೂ ಕೊಡಲಾರದು. ಅದು ಮನೆಯ ಕೆಲಸ.

ಮತ್ತೊಂದು ಭೇದವು ಇದಕ್ಕಿಂತಲೂ ಮುಖ್ಯವಾದುದು. ವಿರಕ್ತದೀಕ್ಷೆಯನ್ನು ಪಡೆದ ಮರಿಯು ಪೂರ್ವಾಶ್ರಮವನ್ನು ತೊರೆಯಬೇಕು. ಹೆಸರೂ ಬದಲಾಗುವುದು, ಬಂಧುಗಳೂ ಬೇರೆಯಾಗುವರು. ಇದು ವಿರಕ್ತನ ನಿಯಮ. ದತ್ತು ತಂದ ಮಗುವಿಗೆ ಗೃಹಸ್ಥನು ಈ ನಿಯಮವನ್ನು ಹೇರಬಾರದು. ಆ ಮಗುವು ಸಂನ್ಯಾಸಕ್ಕೆ ಬಂದುದಲ್ಲ, ಸಂಸಾರಕ್ಕೆ ಬಂದುದು. ಹಿಂದಿನದನ್ನು ಮರೆತುಬಿಡು, ಇನ್ನು ಅದರ ಮಾತೆತ್ತಬೇಡ, ಎಂದು ಹೇಳಿದರೆ ಮಗುವು ಮರೆಯುವುದಿಲ್ಲ, ಬಚ್ಚಿಡುವುದನ್ನು ಕಲಿಯುವುದು. ಬೆಳೆದ ಮಾವಿನ ಸಸಿಯನ್ನು ಬೇರೆ ಕಡೆ ನೆಡುವ ತೋಟಗಾರನು ಬೇರಿಗೆ ಅಂಟಿದ ಮಣ್ಣನ್ನು ತೊಳೆದು ಹಾಕುವನೆ? ಹಳೆಯ ಮಣ್ಣಿನ ಹೆಂಟೆಯ ಸಹಿತವಾಗಿ ಎತ್ತಿ ಹೊಸ ಗುಂಡಿಯಲ್ಲಿಡುವನು. ಆ ಹಿಡಿ ಮಣ್ಣಿನಿಂದಲೇ ಬೇರು ಬದುಕಿ, ಮುಂದೆ ಹೊಸ ನೆಲಕ್ಕೆ ಇಳಿಯುವುದು. ಹೆತ್ತ ತಾಯಿಯ ಹೆಸರು, ಹುಟ್ಟಿದ ಊರು, ಜೊತೆಗೆ ಬೆಳೆದ ಅಕ್ಕತಮ್ಮಂದಿರು, ಇವೇ ಮಗುವಿನ ಬೇರಿನ ಮಣ್ಣು. ಮಗುವಿಗೆ ತಾನು ಅರಿತಿರುವ ಹೆಸರಿದ್ದರೆ ಅದನ್ನು ಅದರ ಒಪ್ಪಿಗೆಯಿಲ್ಲದೆ ಬದಲಿಸಬೇಡಿರಿ. ಒಡಹುಟ್ಟಿದವರಿದ್ದರೆ ಕೂಡಿಯೇ ತನ್ನಿರಿ.

ನೆಟ್ಟ ಪೈರು ಮೊದಲ ಕೆಲವು ದಿನ ಬಾಡಿ ನಿಲ್ಲುವುದನ್ನು ಕಂಡ ಒಕ್ಕಲಿಗನು ಅದನ್ನು ಕಿತ್ತು ಬಿಸಾಡುವುದಿಲ್ಲ. ಬೆಳೆದ ಮಗುವಿನ ವಿಷಯದಲ್ಲಿಯೂ ಹಾಗೆಯೇ. ಹೊಟ್ಟೆ ತುಂಬ ಉಣ್ಣಿಸಿದರೂ ರೊಟ್ಟಿಯ ಚೂರನ್ನು ಹಾಸಿಗೆಯ ಕೆಳಗೆ ಬಚ್ಚಿಡಬಹುದು. ಅದನ್ನು ಕಳವೆಂದು ತಿಳಿಯಬಾರದು. ನಾಳೆಯ ಅನ್ನದಲ್ಲಿ ನಂಬಿಕೆ ಹುಟ್ಟದಿರುವುದರ ಗುರುತು ಅದು. ಅಮ್ಮನೆಂದು ಕರೆಯದೆ ಆರು ತಿಂಗಳು ಸುಮ್ಮನಿರಬಹುದು. ಮೊದಲ ದಿನಗಳಲ್ಲಿ ಅತಿ ವಿಧೇಯವಾಗಿದ್ದು, ಸಲಿಗೆ ಬಂದ ಮೇಲೆ ಹಟವನ್ನೂ ಕೋಪವನ್ನೂ ತೋರಬಹುದು. ಇವರೂ ನನ್ನನ್ನು ಬಿಟ್ಟುಬಿಡುವರೋ ಎಂದು ಅದು ಕೇಳುತ್ತಿರುವ ಪ್ರಶ್ನೆಯೇ ಹಾಗೆ ರೂಪವನ್ನು ತಾಳಿರುವುದು. ಬಿಡುವುದಿಲ್ಲವೆಂಬುದನ್ನು ಬಾಯಿಂದ ಹೇಳಿದರೆ ಸಾಲದು, ವರ್ಷಗಟ್ಟಲೆ ನಡೆದು ತೋರಿಸಬೇಕು. ಇಷ್ಟು ತಾಳ್ಮೆಯು ತಮ್ಮಲ್ಲಿ ಇಲ್ಲವೆಂದು ತೋರಿದವರು ಮುಂದಕ್ಕೆ ಅಡಿಯಿಡದಿರುವುದೇ ಮೇಲು. ಒಮ್ಮೆ ಬಿಡಲ್ಪಟ್ಟ ಮಗುವನ್ನು ಮತ್ತೊಮ್ಮೆ ಬಿಡುವುದಕ್ಕಿಂತ ದೊಡ್ಡ ಪಾಪವು ಈ ವಿಷಯದಲ್ಲಿಲ್ಲ.

ನಾಲ್ಕನೆಯದು ಆಸ್ತಿ ಮತ್ತು ಕಾನೂನು. ಹಿಂದೆ ದತ್ತುವೆಂದರೆ ಉತ್ತರಾಧಿಕಾರಿಯನ್ನು ತರುವುದೆಂದೇ ಅರ್ಥವಾಗಿತ್ತು. 1824ರಲ್ಲಿ ಕಿತ್ತೂರಿನ ಶಿವಲಿಂಗರುದ್ರ ದೇಸಾಯಿಯವರ ದತ್ತಕವನ್ನು ಕುಂಪಣಿಯವರು ಮಾನ್ಯಮಾಡದಿದ್ದುದರಿಂದಲೇ ರಾಣಿ ಚೆನ್ನಮ್ಮನವರು ಕತ್ತಿಯನ್ನು ಹಿಡಿಯಬೇಕಾಯಿತು. 1865ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಚಾಮರಾಜೇಂದ್ರರನ್ನು ದತ್ತು ಸ್ವೀಕರಿಸಿದುದೂ ಸಿಂಹಾಸನಕ್ಕಾಗಿಯೇ. ಇಂದಿನ ಕಾನೂನು ಈ ದೃಷ್ಟಿಯನ್ನು ತಿರುಗಿಸಿದೆ: ಮನೆಗೆ ಮಗನು ಬೇಕೆಂಬುದಕ್ಕಿಂತ ಮಗುವಿಗೆ ಮನೆ ಬೇಕೆಂಬುದನ್ನೇ ಅದು ಮುಂದಿಡುವುದು.

ಲಿಂಗಾಯತರ, ವೀರಶೈವರ ಹೆಸರನ್ನು ಸ್ಪಷ್ಟವಾಗಿ ಎತ್ತಿ ಹೇಳಿ ಅನ್ವಯಿಸುವ 1956ರ ಹಿಂದೂ ದತ್ತಕ ಮತ್ತು ಜೀವನಾಂಶದ ಕಾನೂನು ಹೆಣ್ಣುಮಕ್ಕಳನ್ನೂ ದತ್ತು ತೆಗೆದುಕೊಳ್ಳಬಹುದೆಂದು ವಿಧಿಸಿತು. ಮಗುವಿಗೆ ಹದಿನೈದು ವರ್ಷ ತುಂಬಿರಬಾರದೆಂಬುದು ಅದರ ಸಾಮಾನ್ಯ ನಿಯಮ. ನಿರಾಶ್ರಿತ ಮಕ್ಕಳಿಗಾದರೋ 2015ರ ಬಾಲನ್ಯಾಯ ಕಾನೂನು ಅನ್ವಯಿಸುವುದು. ಅದರಲ್ಲಿ ಹದಿನೆಂಟು ತುಂಬುವವರೆಗೆ ಅವಕಾಶವಿದೆ. ಅದರಂತೆ ದತ್ತಾದ ಮಗುವು ದಾಯಭಾಗವೂ ಸೇರಿದಂತೆ ಸಕಲ ವಿಷಯಗಳಲ್ಲಿಯೂ ಹೊಟ್ಟೆಯಲ್ಲಿ ಹುಟ್ಟಿದ ಮಗುವೇ. ಮಕ್ಕಳ ಕಲ್ಯಾಣ ಸಮಿತಿಯು ಮಗುವನ್ನು ದತ್ತಕ್ಕೆ ಮುಕ್ತವೆಂದು ಘೋಷಿಸಬೇಕು. 2022ರ ಸೆಪ್ಟೆಂಬರಿನಿಂದ ದತ್ತುವಿನ ಆಜ್ಞೆಯನ್ನು ನ್ಯಾಯಾಲಯಕ್ಕೆ ಬದಲಾಗಿ ಜಿಲ್ಲಾಧಿಕಾರಿಗಳೇ ಹೊರಡಿಸುತ್ತಿರುವರು. ಐದು ವರ್ಷ ತುಂಬಿದ ಮಗುವಾದರೆ ಅದರ ಒಪ್ಪಿಗೆಯನ್ನು ಪಡೆಯಲೇಬೇಕು. ನಾನು ಮೊದಲು ಹೇಳಿದ ಸ್ವಯಂದತ್ತನು ಬೇರೊಂದು ರೂಪದಿಂದ ಮರಳಿ ಬಂದನೆಂದು ತಿಳಿಯಬಹುದು.

ವಯಸ್ಸಾಯಿತೆಂದು ಹಿಂಜರಿಯುವ ದಂಪತಿಗಳಿಗೆ ಒಂದು ಮಾತು. 2022ರ ನಿಯ���ಗಳಂತೆ ಎರಡು ವರ್ಷದೊಳಗಿನ ಕೂಸಿಗಾದರೆ ಪತಿಪತ್ನಿಯರ ವಯಸ್ಸುಗಳ ಮೊತ್ತವು 85ನ್ನು ಮೀರಬಾರದು. ಎಂಟು ವರ್ಷ ಮೀರಿದ ಮಗುವಿಗಾದರೆ 110ರವರೆಗೆ ಇರಬಹುದು. ಮಗುವಿಗೂ ತಂದೆತಾಯಿಗಳಿಗೂ 25 ವರ್ಷಕ್ಕೆ ಕಡಮೆಯಿಲ್ಲದ ಅಂತರವಿರಬೇಕು. ಐವತ್ತರ ಹತ್ತಿರ ಬಂದವರಿಗೆ ತೊಟ್ಟಿಲು ಸಿಗದಿರಬಹುದು. ಶಾಲೆಯ ಚೀಲವನ್ನು ಹೊತ್ತ ಮಗುವು ಸಿಕ್ಕಬಹುದು.

ಒಮ್ಮೆಗೇ ದತ್ತು ಬರೆಯಿಸಿಕೊಳ್ಳಲು ಅಳುಕುವವರಿಗೆ ಪೋಷಕತ್ವವೆಂಬ ಮತ್ತೊಂದು ದಾರಿಯಿದೆ. ಅದನ್ನು ಫಾಸ್ಟರ್ ಕೇರ್ ಎಂದು ಕರೆಯುವರು. ಇದರಲ್ಲಿ ಸಮಿತಿಯ ಆಜ್ಞೆಯಂತೆ ಆರು ವರ್ಷ ಮೀರಿದ ಮಗುವನ್ನು ಮನೆಯಲ್ಲಿಟ್ಟು ಸಲಹುವುದು. ಅದರ ಖರ್ಚಿಗಾಗಿ ಸರಕಾರದ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿಗಳ ನೆರವು ಉಂಟು. 2024ರ ಮಾರ್ಗಸೂಚಿಗಳಂತೆ, ಹೀಗೆ ಎರಡು ವರ್ಷ ಸಲಹಿದವರು, ಮಗುವು ದತ್ತಕ್ಕೆ ಮುಕ್ತವಾಗಿದ್ದರೆ, ಅದನ್ನೇ ದತ್ತು ಕೇಳಬಹುದು. ಹಿಂದೆ ಇದಕ್ಕೆ ಐದು ವರ್ಷ ಬೇಕಾಗಿತ್ತು. ಆದರೆ ಪೋಷಕತ್ವದ ಮಗುವಿಗೆ ಹೆತ್ತವರೋ ಬಂಧುಗಳೋ ಇದ್ದು, ಅವರು ಚೇತರಿಸಿಕೊಂಡರೆ ಮಗುವು ಅವರಲ್ಲಿಗೆ ಮರಳಬೇಕಾಗಬಹುದು. ಆ ದಿನ ಸಂತೋಷದಿಂದ ಕಳುಹಿಸಿಕೊಡುವ ಮನಸ್ಸುಳ್ಳವರೇ ಈ ದಾರಿಯನ್ನು ಹಿಡಿಯತಕ್ಕದ್ದು. ವಿಚಾರಿಸಬೇಕಾದ ಸ್ಥಳವೂ ದೂರವಿಲ್ಲ. ದೇವನಹಳ್ಳಿ ತಾಲ್ಲೂಕಿನ ಬೀರಸಂದ್ರದಲ್ಲಿ ನಮ್ಮ ಜಿಲ್ಲಾಡಳಿತ ಭವನವಿದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರನ್ನು ಕೇಳಿದರೆ ಕ್ರಮವನ್ನು ತಿಳಿಸುವರು. ಆಶ್ರಯವಿಲ್ಲದ ಮಗುವನ್ನು ಎಲ್ಲಿ ಕಂಡರೂ 1098 ಎಂಬ ಸಂಖ್ಯೆಗೆ ದೂರವಾಣಿಯಲ್ಲಿ ತಿಳಿಸಬಹುದು.

ಎರಡು ನಿಷೇಧಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಬಡವರಿಂದ ಮಗುವನ್ನು ನೇರವಾಗಿ ಪಡೆದು, ಛಾಪಾಕಾಗದದ ಮೇಲೆ ಕರಾರು ಬರೆಯಿಸಿಕೊಂಡು, ಹಣವನ್ನು ಕೊಟ್ಟು ತರುವುದು ದತ್ತುವಲ್ಲ. ಅದು ಅಜೀಗರ್ತನ ವ್ಯಾಪಾರ, ಕಾನೂನಿನಲ್ಲಿಯೂ ದಂಡಾರ್ಹವಾದ ಅಪರಾಧ. ಇದು ಒಂದು. ಬೆಳೆದ ಮಗುವಾದರೆ ದನ ಕಾಯುವುದಕ್ಕೋ, ಮಗ್ಗದ ಕೆಲಸಕ್ಕೋ, ಮನೆಯ ಮುಸುರೆಗೋ ಆದೀತೆಂಬ ಲೆಕ್ಕದಿಂದ ತರುವುದು ಎರಡನೆಯದು. ಸಾಕುಮಗನೆಂದು ಹೆಸರಿಟ್ಟು ಸಂಬಳವಿಲ್ಲದ ಆಳಾಗಿ ದುಡಿಸಿಕೊಂಡ ಮನೆಗಳು ನಮ್ಮ ನಾಡಿನಲ್ಲಿ ಹಿಂದೆ ಇದ್ದುವು. ಮನೆಯ ಮಗನು ಶಾಲೆಗೆ ಹೋಗುವಾಗ ತಂದ ಮಗನು ಕೊಟ್ಟಿಗೆಗೆ ಹೋದರೆ, ಆ ಮನೆಯಲ್ಲಿ ನಡೆಯುವ ಇಷ್ಟಲಿಂಗಪೂಜೆಯು ಬರಿಯ ನೀರೆರೆಯುವುದೇ ಸರಿ.

ಕಡೆಯದಾಗಿ, ಮಗುವನ್ನು ತಂದವರಿಗಿಂತ ನೆರೆಹೊರೆಯವರಿಗೂ ಬಂಧುಗಳಿಗೂ ಹೇಳಬೇಕಾದ ಮಾತೇ ಹೆಚ್ಚಾಗಿದೆ. ತಂದೆತಾಯಿಗಳು ಎಷ್ಟೇ ಪ್ರೀತಿಯಿಂದ ಸಲಹಿದರೂ, ಮದುವೆಯ ಮನೆಯಲ್ಲಿ ಯಾರೋ ಒಬ್ಬರು, ಇದು ಅವರ ಸ್ವಂತದ್ದಲ್ಲ, ತಂದುದು, ಎಂದು ಆ ಮಗುವಿನ ಕಿವಿಗೆ ಬೀಳುವಂತೆ ಹೇಳಿದರೆ ಹತ್ತು ತಿಂಗಳ ಆರೈಕೆಯು ಒಂದು ಗಳಿಗೆಯಲ್ಲಿ ಹಾಳಾಗುವುದು. ಪಂಕ್ತಿಯಲ್ಲಿ ಕೂರಿಸುವಾಗ, ಹಬ್ಬಕ್ಕೆ ಬಟ್ಟೆ ತರುವಾಗ, ಹೆಣ್ಣುಮಗಳಾದರೆ ಸಂಬಂಧವನ್ನು ವಿಚಾರಿಸುವಾಗ, ಮುನಿದ ಐವತ್ತು ಮಂದಿಯಂತೆ ನಡೆಯುವಿರೋ ಮಧುಚ್ಛಂದನಂತೆ ನಡೆಯುವಿರೋ ಎಂಬುದನ್ನು ನೀವೇ ನಿರ್ಧರಿಸಬೇಕು. ದತ್ತು ತೆಗೆದುಕೊಳ್ಳುವವರು ಇಬ್ಬರೇ ಆದರೂ, ಆ ಮಗುವನ್ನು ತನ್ನದಾಗಿ ಮಾಡಿಕೊಳ್ಳಬೇಕಾದುದು ಊರು.

ಆದಕಾರಣ ಈ ಮಹೋತ್ಸವದ ಸ್ಮರಣೆಗಾಗಿ ಭಕ್ತರಲ್ಲಿ ನನ್ನ ಪ್ರಾರ್ಥನೆಯಿಷ್ಟೆ. ಮಠಕ್ಕೆ ಬೆಳ್ಳಿಯನ್ನೂ ಭತ್ತವನ್ನೂ ಕಾಣಿಕೆಯಾಗಿ ಅರ್ಪಿಸುತ್ತಿರುವ ನೀವು, ಮನೆಯಲ್ಲಿ ಸ್ಥಳವೂ ಮನಸ್ಸಿನಲ್ಲಿ ತಾಳ್ಮೆಯೂ ಇದ್ದರೆ, ಬೆಳೆದು ಬಂದ ಒಂದು ಮಗುವಿಗೆ ಎಡೆಯನ್ನು ಕೊಡುವ ವಿಚಾರವನ್ನು ನಿಮ್ಮ ಗೃಹಿಣಿಯರೊಡನೆ, ಮನೆಯ ಹಿರಿಯರೊಡನೆ, ಇರುವ ಮಕ್ಕಳೊಡನೆ ಕುಳಿತು ಮಾತನಾಡಿರಿ. ಆತುರಬೇಡ, ಮುಂದೂಡುವುದೂ ಬೇಡ. ನಾವು ಯೋಚಿಸುತ್ತಿರುವಾಗ ಆ ಮಗುವಿನ ವಯಸ್ಸು ನಿಂತಿರುವುದಿಲ್ಲ. ಒಪ್ಪಿಗೆಯಾಗದಿದ್ದರೆ, ತಂದವರ ಮನೆಯ ಮಗುವನ್ನು ಮನೆಯ ಮಗುವೆಂದು ಕರೆಯಿರಿ, ಅದೂ ದಾಸೋಹವೇ.

ಶ್ರೀಗಳವರ ಅಪ್ಪಣೆಯಿಂದ ಇಷ್ಟನ್ನು ನಿವೇದಿಸಿಕೊಂಡಿರುತ್ತೇನೆ.  ಸರ್ವರಿಗೂ, ಬಾಗಿಲನ್ನು ನೋಡುತ್ತ ಕುಳಿತಿರುವ ಮಕ್ಕಳೆಲ್ಲರಿಗೂ, ಮಂಗಳವಾಗಲಿ.